‘ಅಂದರೆ’ ಏನು? ಅನುಮಿತಿಯ ಮೂಲಕ ಅರ್ಥನಿರೂಪಣೆ: ವಿಜಯಪುರ ಸೀಮೆಯ ಕನ್ನಡದಿಂದ ಕೆಲವು ಸಾಕ್ಷ್ಯಗಳು

ಸಾರಾಂಶ

ಪದವೊಂದರ ಅರ್ಥವು ಅದು ಸೂಚಿಸುವ ವಸ್ತುವಿನಲ್ಲಿದೆಯೇ ಅಥವಾ ಆ ಪದವನ್ನು ಬಳಸಿದವರು ಮುಂದೆ ಏನನ್ನು ಒಪ್ಪಬೇಕಾಗುತ್ತದೆ ಎಂಬುದರಲ್ಲಿದೆಯೇ? ಎರಡನೆಯ ಉತ್ತರವನ್ನು ಸಮರ್ಥಿಸುವ ಅನುಮಿತಿವಾದವನ್ನು ಈ ಲೇಖನ ಪರಿಚಯಿಸುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪ್ರದೇಶದ ಆಡುಮಾತಿನ ‘ಎರಿ’, ‘ಜವಳು’, ‘ಮುಳುಗಡಿ’ ಮೊದಲಾದ ಪದಗಳನ್ನೂ ಕನ್ನಡದ ‘ಎನ್’ ಧಾತುವಿನಿಂದ ಬಂದ ‘ಅಂದರೆ’, ‘ಅಂದಮೇಲೆ’, ‘ಅಂದರೂ’ ರೂಪಗಳನ್ನೂ ಪರಿಶೀಲಿಸಿ, ಅನುಮಿತಿಯ ಸಂಬಂಧಗಳನ್ನು ಬಯಲಿಗೆ ತರುವ ಸಾಧನಗಳು ಕನ್ನಡದ ವ್ಯಾಕರಣದಲ್ಲೇ ಇವೆ ಎಂದು ವಾದಿಸುತ್ತದೆ. ಈ ಸಾಧನಗಳನ್ನು ಕ್ಷೇತ್ರಕಾರ್ಯದಲ್ಲಿಯೂ ನಿಘಂಟುರಚನೆಯಲ್ಲಿಯೂ ಬಳಸಿಕೊಳ್ಳುವ ಬಗೆಯನ್ನು ಕೊನೆಯಲ್ಲಿ ಸೂಚಿಸಲಾಗಿದೆ.

ಕೀಲಿ ಪದಗಳು: ಅನುಮಿತಿವಾದ, ಅರ್ಥವಿಜ್ಞಾನ, ವಿಷಯಾನುಮಿತಿ, ಉದ್ಧರಣಸೂಚಕ, ಉತ್ತರ ಕರ್ನಾಟಕದ ಕನ್ನಡ, ನಿಘಂಟುರಚನೆ

1. ಪ್ರವೇಶ

ಉಪಭಾಷೆಯ ಪದಸಂಗ್ರಹಕ್ಕೆ ಹೊರಟ ಪ್ರತಿಯೊಬ್ಬ ಸಂಶೋಧಕರ ಕೈಯಲ್ಲಿಯೂ ಒಂದು ಪದಪಟ್ಟಿ ಇರುತ್ತದೆ. ವಸ್ತುವನ್ನೋ ಚಿತ್ರವನ್ನೋ ತೋರಿಸಿ ‘ಇದಕ್ಕೆ ಏನಂತೀರಿ?’ ಎಂದು ಕೇಳುವುದು, ಉತ್ತರವನ್ನು ಬರೆದುಕೊಳ್ಳುವುದು, ಎದುರಿಗೆ ಶಿಷ್ಟಕನ್ನಡದ ಸಮಾನಪದವನ್ನು ಇಡುವುದು ಇದರ ಕ್ರಮ. ವಿದ್ಯಾರ್ಥಿದೆಸೆಯಲ್ಲಿ ನಾನು ಸಿದ್ಧಪಡಿಸಿದ ಮೊದಲ ಪಟ್ಟಿಯಲ್ಲಿ ‘ಎರಿ’ ಎಂಬುದರ ಎದುರು ‘ಕಪ್ಪು ಮಣ್ಣು’ ಎಂದಷ್ಟೇ ಬರೆದಿದ್ದೆ. ಈ ಸೀಮೆಯ ಮಾತು ನನ್ನ ಮನೆಮಾತೇ ಆಗಿದ್ದುದರಿಂದ ಆ ನಮೂದಿನಲ್ಲಿ ತಪ್ಪೇನೂ ಕಾಣಲಿಲ್ಲ. ತಪ್ಪು ಇದ್ದುದು ಬರೆದುದರಲ್ಲಲ್ಲ, ಬಿಟ್ಟುದರಲ್ಲಿ. ಮಳೆಯಾದ ಮರುದಿನ ಎರಿ ಹೊಲಕ್ಕೆ ಎತ್ತು ಇಳಿಸಲಾಗದು, ಮಸಾರಿಯಲ್ಲಾದರೆ ಇಳಿಸಬಹುದು. ಎರಿ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಂಗಾರಿ ಜೋಳ ಅಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ. ಇವನ್ನು ಅರಿಯದೆ ಕಪ್ಪು ಮಣ್ಣನ್ನು ಕಂಡಾಗಲೆಲ್ಲ ‘ಎರಿ’ ಎಂದು ಸರಿಯಾಗಿ ಹೇಳಬಲ್ಲ ವ್ಯಕ್ತಿಗೆ ಆ ಪದದ ಅರ್ಥ ಗೊತ್ತಿದೆ ಎನ್ನಬಹುದೇ?

ಇಲ್ಲ ಎಂಬುದು ಈ ಲೇಖನ ಪರಿಚಯಿಸುವ ಸಿದ್ಧಾಂತದ ಉತ್ತರ. ಮುಂದೆ ಬರುವ ಆಡುಮಾತಿನ ಉದಾಹರಣೆಗಳು ಈ ಸೀಮೆಯ ಮಾತಿನ ಮಾದರಿಯಲ್ಲಿ, ಸ್ವಂತ ಭಾಷಾಪ್ರಜ್ಞೆಯನ್ನು ಆಧರಿಸಿ ರಚಿಸಿದವು. ಬಳಕೆಯ ಪ್ರಮಾಣವನ್ನು ಕುರಿತು ಅವು ಏನನ್ನೂ ಹೇಳುವುದಿಲ್ಲ. ಸಂಬಂಧಗಳ ಸ್ವರೂಪವನ್ನು ಮಾತ್ರ ತೋರಿಸುತ್ತವೆ.

ಪರಿಭಾಷೆಯ ಬಗ್ಗೆ ಒಂದು ಮಾತು. ಶಾಸ್ತ್ರದಲ್ಲಿ ‘ಅನುಮಾನ’ ಎಂಬುದು ಒಂದು ಪ್ರಮಾಣ. ಬಳಕೆಯ ಕನ್ನಡದಲ್ಲಿ ಅದು ಸಂಶಯ. ‘ಅವನ ಮ್ಯಾಲ ಅನುಮಾನ ಐತಿ’ ಎಂದವರು ತರ್ಕವನ್ನು ಮಂಡಿಸುತ್ತಿಲ್ಲ. ಈ ಗೊಂದಲವನ್ನು ತಪ್ಪಿಸಲು ಇಲ್ಲಿ ‘ಅನುಮಿತಿ’ ಎಂಬ ಪದವನ್ನು ಬಳಸಿದೆ. ನ್ಯಾಯದರ್ಶನದಲ್ಲಿ ಅನುಮಿತಿ ಎಂದರೆ ಅನುಮಾನದಿಂದ ಹುಟ್ಟುವ ಜ್ಞಾನ. ಈ ಲೇಖನದಲ್ಲಿ ಒಂದು ಹೇಳಿಕೆಯಿಂದ ಇನ್ನೊಂದಕ್ಕೆ ಸಾಗುವ ನಡೆಯನ್ನೇ ಆ ಹೆಸರಿನಿಂದ ಕರೆಯಲಾಗಿದೆ.

2. ಅನುಮಿತಿವಾದದ ತಿರುಳು

ಅರ್ಥವನ್ನು ವಿವರಿಸುವ ರೂಢಿಯ ಕ್ರಮವು ಸೂಚನೆಯಿಂದ ಆರಂಭವಾಗುತ್ತದೆ: ಪದಗಳು ವಸ್ತುಗಳನ್ನೂ ಗುಣಗಳನ್ನೂ ಸೂಚಿಸುತ್ತವೆ, ಅವುಗಳಿಂದಾದ ವಾಕ್ಯಕ್ಕೆ ಸತ್ಯತೆಯ ನಿಯಮಗಳು ಒದಗುತ್ತವೆ, ಅವುಗಳ ಆಧಾರದ ಮೇಲೆ ಯಾವ ಅನುಮಿತಿ ಸರಿ, ಯಾವುದು ತಪ್ಪು ಎಂಬುದು ತೀರ್ಮಾನವಾಗುತ್ತದೆ. ಅನುಮಿತಿವಾದವು ಈ ಕ್ರಮವನ್ನು ತಿರುಗಿಸುತ್ತದೆ. ಯಾವ ಹೇಳಿಕೆಯಿಂದ ಯಾವುದು ಹೊರಡುತ್ತದೆ, ಯಾವುದಕ್ಕೆ ಯಾವುದು ಆಧಾರ, ಯಾವುದರೊಡನೆ ಯಾವುದು ಕೂಡದು ಎಂಬ ವ್ಯವಹಾರವೇ ಇಲ್ಲಿ ಮೊದಲು. ವಾಕ್ಯದ ಅರ್ಥವೆಂದರೆ ಆ ವ್ಯವಹಾರದಲ್ಲಿ ಅದಕ್ಕಿರುವ ಸ್ಥಾನ. ಪದದ ಅರ್ಥವೆಂದರೆ ವಾಕ್ಯದ ಆ ಸ್ಥಾನಕ್ಕೆ ಪದವು ಸಲ್ಲಿಸುವ ಪಾಲು.

ಈ ಚಿಂತನೆಯ ಬೀಜ ಫ್ರೇಗೆಯ 1879ರ ‘ಬೆಗ್ರಿಫ್ಸ್‌ಶ್ರಿಫ್ಟ್’ ಕೃತಿಯಲ್ಲಿದೆ. ಎರಡು ಹೇಳಿಕೆಗಳನ್ನು ಬೇರೆ ಯಾವುದೇ ಹೇಳಿಕೆಗಳೊಡನೆ ಸೇರಿಸಿದರೂ ಅವುಗಳಿಂದ ಒಂದೇ ಬಗೆಯ ಫಲಿತಗಳು ಹೊರಡುವುದಾದರೆ ಅವುಗಳ ತಾರ್ಕಿಕ ಹೂರಣ ಒಂದೇ ಎಂಬುದು ಅಲ್ಲಿನ ನಿಲುವು. 1930ರ ದಶಕದಲ್ಲಿ ಗೆಂಟ್ಸನ್ ತಾರ್ಕಿಕ ಪದಗಳನ್ನು ಎರಡು ಬಗೆಯ ನಿಯಮಗಳ ಮೂಲಕ ನಿರೂಪಿಸಿದನು: ಯಾವಾಗ ಆ ಪದವನ್ನು ಬಳಸಬಹುದು ಎಂಬ ಪ್ರವೇಶನಿಯಮ, ಬಳಸಿದ ಮೇಲೆ ಏನು ಹೊರಡುತ್ತದೆ ಎಂಬ ನಿರ್ಗಮನಿಯಮ. ‘ಮತ್ತು’ ಎಂಬುದರ ಅರ್ಥವನ್ನು ತಿಳಿಯಲು ಲೋಕದಲ್ಲಿ ‘ಮತ್ತು’ ಎಂಬ ವಸ್ತುವನ್ನು ಹುಡುಕಬೇಕಾಗಿಲ್ಲ. ಎರಡೂ ಮಾತು ಕೈಯಲ್ಲಿದ್ದರೆ ಜೋಡಿಸಬಹುದು, ಜೋಡಿಸಿದ್ದರೆ ಯಾವೊಂದನ್ನಾದರೂ ತೆಗೆದುಕೊಳ್ಳಬಹುದು ಎಂಬುದನ್ನು ಅರಿತರೆ ಸಾಕು. ಸೆಲರ್ಸ್ 1953ರ ತನ್ನ ಪ್ರಬಂಧದಲ್ಲಿ ಈ ದೃಷ್ಟಿಯನ್ನು ತಾರ್ಕಿಕ ಪದಗಳಾಚೆಗೆ, ನಿತ್ಯದ ಪದಗಳಿಗೂ ವಿಸ್ತರಿಸಿದನು. ಬ್ರ್ಯಾಂಡಮ್ 1994ರಲ್ಲಿ ‘ಮೇಕಿಂಗ್ ಇಟ್ ಎಕ್ಸ್‌ಪ್ಲಿಸಿಟ್’ ಕೃತಿಯಲ್ಲಿ ಅದನ್ನು ಸಮಗ್ರ ಸಿದ್ಧಾಂತವಾಗಿ ಕಟ್ಟಿದನು.

ಬ್ರ್ಯಾಂಡಮ್‌ನ ಪ್ರಕಾರ ಹೇಳಿಕೆ ನೀಡುವುದೆಂದರೆ ಹೊಣೆಯೊಂದನ್ನು ಹೊರುವುದು. ‘ಅಣೆಕಟ್ಟು ತುಂಬಿದೆ’ ಎಂದವರು ಆ ಮಾತಿನಿಂದ ಹೊರಡುವುದೆಲ್ಲಕ್ಕೂ ಹೊಣೆಗಾರರಾಗುತ್ತಾರೆ, ‘ಯಾಕೆ ಹಾಗೆನ್ನುವಿರಿ?’ ಎಂದು ಕೇಳಿದರೆ ಕಾರಣ ಕೊಡಲು ಬದ್ಧರಾಗುತ್ತಾರೆ. ಕೇಳಿದವರಿಗೆ ಅದೇ ಮಾತನ್ನು ತಾವೂ ಆಡುವ ಹಕ್ಕನ್ನು ಕೊಡುತ್ತಾರೆ. ಸಂಭಾಷಣೆಯೆಂದರೆ ಪರಸ್ಪರರ ಹೊಣೆ ಹಕ್ಕುಗಳ ಲೆಕ್ಕವಿಡುವ ಕೆಲಸ. ಆಲಮಟ್ಟಿಯ ಜಲಾಶಯದ ಅಳತೆಪಟ್ಟಿಯು ನೀರು 519.60 ಮೀಟರಿಗೆ ಬಂದುದನ್ನು ತಪ್ಪದೆ ತೋರಿಸುತ್ತದೆ. ಆದರೆ ಅದು ‘ತುಂಬಿದೆ’ ಎಂದು ಹೇಳುವುದಿಲ್ಲ. ಗೇಟು ತೆರೆಯಬೇಕು, ನದಿದಂಡೆಯ ಜನರನ್ನು ಎಚ್ಚರಿಸಬೇಕು ಎಂಬ ಯಾವ ಹೊಣೆಯನ್ನೂ ಅದು ಹೊರುವುದಿಲ್ಲ. ಭೇದವನ್ನು ಗುರುತಿಸಿ ಪ್ರತಿಕ್ರಿಯಿಸುವುದು ಒಂದು, ಪರಿಕಲ್ಪನೆಯನ್ನು ಬಳಸುವುದು ಇನ್ನೊಂದು.

3. ವಿಷಯಾನುಮಿತಿ

ಕೆಳಗಿನ ಎರಡು ನಡೆಗಳನ್ನು ನೋಡಿ.

(1) ಇಂಡಿಯು ಬಸವನ ಬಾಗೇವಾಡಿಯ ಉತ್ತರಕ್ಕಿದೆ. ಆದ್ದರಿಂದ ಬಸವನ ಬಾಗೇವಾಡಿಯು ಇಂಡಿಯ ದಕ್ಷಿಣಕ್ಕಿದೆ.
(2) ರಾತ್ರಿ ಎರಿ ಹೊಲದಾಗ ಮಳಿ ಜೋರ ಆಗೇತಿ. ಅದಕ ಇವತ್ತ ಕುಂಟಿ ಹೊಡಿಯಾಕ ಬರಂಗಿಲ್ಲ.

ಆಕಾರಮಾತ್ರವನ್ನು ನೋಡುವ ತರ್ಕಶಾಸ್ತ್ರಕ್ಕೆ ಇವೆರಡೂ ಅಪೂರ್ಣ. (1)ಕ್ಕೆ ‘ಯಾವುದೇ ಎರಡು ಊರುಗಳಲ್ಲಿ ಒಂದು ಇನ್ನೊಂದರ ಉತ್ತರಕ್ಕಿದ್ದರೆ…’ ಎಂಬ, (2)ಕ್ಕೆ ‘ಎರಿ ನೆನೆದರೆ…’ ಎಂಬ ಮರೆಯಲ್ಲಿರುವ ಹೇಳಿಕೆಯನ್ನು ಸೇರಿಸಿದರೆ ಮಾತ್ರ ಅವು ಸಿಂಧುವಾಗುತ್ತವೆ ಎಂಬುದು ಆ ವಾದ. ಸೆಲರ್ಸ್ ಇದನ್ನು ಒಪ್ಪಲಿಲ್ಲ. (1) ಸರಿಯಾಗಿರುವುದು ‘ಉತ್ತರ’, ‘ದಕ್ಷಿಣ’ ಎಂಬ ಪದಗಳ ಹೂರಣದಿಂದ. ಆ ನಡೆಯನ್ನು ಒಪ್ಪದವರಿಗೆ ಸೇರಿಸಬೇಕಾದದ್ದು ಒಂದು ಹೆಚ್ಚಿನ ಮಾಹಿತಿಯಲ್ಲ; ಅವರಿಗೆ ಆ ಪದಗಳೇ ತಿಳಿದಿಲ್ಲ. ಇಂತಹ ನಡೆಗಳನ್ನು ಇಲ್ಲಿ ವಿಷಯಾನುಮಿತಿ ಎಂದು ಕರೆದಿದೆ.

ವಿಷಯಾನುಮಿತಿಗೆ ಒಂದು ವಿಶೇಷ ಲಕ್ಷಣವಿದೆ: ಹೊಸ ಹೇಳಿಕೆಯೊಂದು ಬಂದರೆ ಅದು ಮುರಿದುಬೀಳಬಹುದು, ಇನ್ನೊಂದು ಬಂದರೆ ಮತ್ತೆ ನಿಲ್ಲಬಹುದು. ಡೋಣಿ ನದಿಯ ಬಯಲಿನ ಬಗ್ಗೆ ಈ ಸೀಮೆಯಲ್ಲಿ ಒಂದು ಗಾದೆಯಿದೆ. ಡೋಣಿಯ ಬಯಲು ಬೆಳೆದರೆ ಓಣಿಯೆಲ್ಲ ಜೋಳವಾಗುತ್ತದೆ ಎಂಬುದು ಅದರ ತಾತ್ಪರ್ಯ. ಗಾದೆಯೆಂದರೆ ಸಮುದಾಯವು ಸಹಿ ಹಾಕಿದ ಅನುಮಿತಿಯ ಪರವಾನಗಿ. ಆದರೆ ಹೂಳು ತುಂಬಿದ ಡೋಣಿ ದಂಡೆ ಮೀರಿ ಹರಿದು ಬೆಳೆ ಕೊಚ್ಚಿಹೋಗುವುದೂ ಈ ಸೀಮೆಗೆ ಹೊಸದಲ್ಲ. ನದಿ ಹರಿಯಿತು ಎಂಬುದರಿಂದ ಬೆಳೆ ಬಂದೀತು ಎಂದು ಹೇಳಬಹುದು. ದಂಡೆ ಮೀರಿ ಹರಿಯಿತು ಎಂದರೆ ಆ ನಡೆ ಬಿದ್ದುಹೋಗುತ್ತದೆ. ದಂಡೆ ಮೀರಿದರೂ ಬಿತ್ತನೆಗೆ ಮುಂಚೆ ನೀರು ಇಳಿಯಿತು ಎಂದರೆ ಮತ್ತೆ ಎದ್ದು ನಿಲ್ಲುತ್ತದೆ. ಗಾದೆಯನ್ನು ಬಲ್ಲವರು ಇವೆಲ್ಲವನ್ನೂ ಬಲ್ಲರು. ನಿಯಮ ಮತ್ತು ಅದರ ಭಂಗ ಎರಡೂ ಸೇರಿಯೇ ಪದದ ಹೂರಣ.

4. ‘ಎನ್’ ಧಾತುವಿನ ಸಾಕ್ಷ್ಯ

ಕನ್ನಡದಲ್ಲಿ ಅರ್ಥವನ್ನು ಕೇಳುವ ಸಾಮಾನ್ಯ ಪ್ರಶ್ನೆ ‘ಜವಳು ಅಂದರೆ ಏನು?’ ಎಂಬಂತಹುದು. ಇಲ್ಲಿನ ‘ಅಂದರೆ’ ಎಂಬುದು ‘ಎನ್’ (ಹೇಳು) ಧಾತುವಿನ ಪಕ್ಷಾರ್ಥಕ ರೂಪ. ಅಕ್ಷರಶಃ ಬಿಡಿಸಿದರೆ ಪ್ರಶ್ನೆಯ ರೂಪ ಹೀಗಾಗುತ್ತದೆ: ‘ಜವಳು’ ಎಂದು ಹೇಳಿದ ಪಕ್ಷದಲ್ಲಿ ಏನು? ತಮಿಳಿನ ‘ಎನ್ರಾಲ್’, ತೆಲುಗಿನ ‘ಅಂಟೇ’ ರೂಪಗಳೂ ಹೇಳುವ ಕ್ರಿಯೆಯ ಪಕ್ಷಾರ್ಥಕಗಳೇ. ಈ ಭಾಷೆಗಳಲ್ಲಿ ಅರ್ಥದ ಪ್ರಶ್ನೆಯು ಫಲಿತದ ಪ್ರಶ್ನೆಯ ಉಡುಪಿನಲ್ಲಿದೆ.

ವ್ಯುತ್ಪತ್ತಿಯೊಂದೇ ಸಿದ್ಧಾಂತಕ್ಕೆ ಆಧಾರವಾಗದು. ‘ಅಂದರೆ’ ಇಂದು ವಿವರಣಾಸೂಚಕ ಅವ್ಯಯವಾಗಿ ನೆಲೆನಿಂತಿದೆ. ಅದನ್ನಾಡುವವರ ಮನಸ್ಸಿನಲ್ಲಿ ‘ಹೇಳಿದ ಪಕ್ಷದಲ್ಲಿ’ ಎಂಬ ಭಾವ ಇರಬೇಕೆಂದಿಲ್ಲ. ಆದರೂ ಮೂಲದ ಪಕ್ಷಾರ್ಥ ಸತ್ತಿಲ್ಲ. ‘ಬಾ ಅಂದರೆ ಬರ್ತಾನ, ಹೋಗು ಅಂದರೆ ಹೋಗ್ತಾನ’ ಎಂಬಲ್ಲಿ ಅದು ಸ್ಪಷ್ಟವಾಗಿ ಜೀವಂತವಾಗಿದೆ. ಇನ್ನೂ ಮುಖ್ಯವಾದ ಸಾಕ್ಷ್ಯ ಉತ್ತರಗಳ ಸ್ವರೂಪದಲ್ಲಿದೆ.

(3) ‘ಜವಳು ಅಂದ್ರ ಏನ್ರಿ?’
‘ಜವಳ ಹಿಡೀತಂದ್ರ ಬಿತ್ತಿದ್ದು ಹುಟ್ಟಂಗಿಲ್ರಿ.’

ಕಾಲುವೆ ನೀರಾವರಿಯ ಭೂಮಿಯಲ್ಲಿ ನೀರು ಬಸಿಯದೆ ನಿಂತು ನೆಲ ಕೆಡುವ ಸ್ಥಿತಿಗೆ ಜವಳು ಎಂದು ಹೆಸರು. ಉತ್ತರಿಸಿದವರು ಆ ಲಕ್ಷಣವನ್ನು ಹೇಳಲಿಲ್ಲ. ‘ಜವಳು’ ಎಂದಮೇಲೆ ಏನು ಹೊರಡುತ್ತದೆ ಎಂಬುದನ್ನು ಹೇಳಿದರು. ಪದಪಟ್ಟಿ ಹಿಡಿದವರು ಇದನ್ನು ‘ಉತ್ತರ ಸಿಗಲಿಲ್ಲ’ ಎಂದು ಬಿಟ್ಟುಬಿಡುವುದುಂಟು. ಅನುಮಿತಿವಾದದ ದೃಷ್ಟಿಯಿಂದ ಅದು ಪೂರ್ಣ ಉತ್ತರದ ಒಂದು ಭಾಗ, ಅದೂ ತೂಕದ ಭಾಗ.

‘ಎನ್’ ಧಾತುವಿನ ಇನ್ನೆರಡು ರೂಪಗಳು ಇದರೊಡನೆ ಸೇರುತ್ತವೆ.

(4) ಎರಿ ಅಂದ ಮ್ಯಾಲ ನೀರು ಹಿಡೀಲೇಬೇಕು.
(5) ಮುಳುಗಡಿ ಅಂದರೂ ಪರಿಹಾರ ಬರಲಿಲ್ಲ.

‘ಅಂದಮೇಲೆ’ ಎಂಬುದು ಹೊಣೆಯನ್ನು ನೆನಪಿಸುವ ರೂಪ: ಹೇಳಿದ್ದಾಯಿತು, ಇನ್ನು ಇದನ್ನು ಒಪ್ಪದೆ ವಿಧಿಯಿಲ್ಲ. ‘ಅಂದರೂ’ ಎಂಬುದು ಭಂಗವನ್ನು ಸೂಚಿಸುತ್ತದೆ: ಹೊರಡಬೇಕಾದ ಫಲಿತ ಹೊರಡಲಿಲ್ಲ. ಪದವನ್ನಲ್ಲದೆ ಸಂಗತಿಯನ್ನೇ ಕುರಿತಾಗ ಇದೇ ಕೆಲಸವನ್ನು ‘ಆದರೂ’ ಮಾಡುತ್ತದೆ. ಈ ಭಂಗಸೂಚಕವು ಅನುಮಿತಿಯನ್ನು ಪತ್ತೆಹಚ್ಚುವ ಉತ್ತಮ ಸಾಧನ.

(6) ಎರಿ ಹೊಲ ಆದರೂ ನೀರು ಹಿಡೀಲಿಲ್ಲ.
(7) ?ಎರಿ ಹೊಲ ಆದರೂ ನೀರು ಹಿಡೀತು.
(8) ?ಎರಿ ಹೊಲ ಆದರೂ ರಸ್ತಾದ ಬಾಜೂಕ ಐತಿ.

(6) ಸಹಜ. (7) ವಿಚಿತ್ರ, ಏಕೆಂದರೆ ಬರಬೇಕಾದ ಫಲಿತವೇ ಬಂದಿದೆ. (8)ರಲ್ಲಿ ಎರಿ ಹೊಲಕ್ಕೂ ರಸ್ತೆಗೂ ಅನುಮಿತಿಯ ಸಂಬಂಧವೇ ಇಲ್ಲವಾದ್ದರಿಂದ ಭಂಗವಾಗಲು ಏನೂ ಇಲ್ಲ. ಕೇಳಿದವರು ಇಲ್ಲದ ಸಂಬಂಧವನ್ನು ಊಹಿಸಲು ತೊಡಗುತ್ತಾರೆ.

ತಾರ್ಕಿಕ ಪದಗಳ ಕೆಲಸವೇನು ಎಂಬುದಕ್ಕೆ ಬ್ರ್ಯಾಂಡಮ್ ಕೊಡುವ ಉತ್ತರವನ್ನು ಇಲ್ಲಿ ನೆನೆಯಬೇಕು. ಅವು ಹೊಸ ಅನುಮಿತಿಗಳನ್ನು ಸೃಷ್ಟಿಸುವುದಿಲ್ಲ. ಆಚರಣೆಯಲ್ಲಿ ಹುದುಗಿರುವ ಅನುಮಿತಿಗಳನ್ನು ಮಾತಿಗೆ ತಂದು ಚರ್ಚೆಗೆ ಒಡ್ಡುತ್ತವೆ. ಮಳೆಯಾದುದನ್ನು ಕಂಡು ಎತ್ತನ್ನು ಹೂಡದೆ ಬಿಟ್ಟ ರೈತನ ನಡೆಯಲ್ಲಿ ಅನುಮಿತಿ ಹುದುಗಿದೆ. ‘ಮಳಿ ಆದರ ಕುಂಟಿ ಹೊಡಿಯಾಕ ಬರಂಗಿಲ್ಲ’ ಎಂದಾಗ ಅದು ಹೇಳಿಕೆಯಾಗುತ್ತದೆ, ಆಗ ‘ಯಾಕ?’ ಎಂದು ಕೇಳಬಹುದು, ‘ಸಣ್ಣ ಹನಿ ಬಿದ್ದರ ಏನಾಗತೈತಿ?’ ಎಂದು ತಿದ್ದಬಹುದು. ಕನ್ನಡದ ವಿಶೇಷವೆಂದರೆ ಈ ಸಾಧನಗಳಲ್ಲಿ ಒಂದು ಮುಖ್ಯ ಗುಂಪು ‘ಹೇಳು’ ಎಂಬ ಕ್ರಿಯೆಯಿಂದಲೇ ಬಂದಿದೆ. ಹೇಳುವುದಕ್ಕೂ ಹೊಣೆ ಹೊರುವುದಕ್ಕೂ ಇರುವ ನಂಟು ಇಲ್ಲಿ ರೂಪದ ಮಟ್ಟದಲ್ಲೇ ಕಾಣುತ್ತದೆ.

5. ಹೊಣೆಯನ್ನು ಹಂಚುವ ಪ್ರತ್ಯಯಗಳು

ಶಿಷ್ಟಕನ್ನಡದ ‘-ಅಂತೆ’, ಈ ಸೀಮೆಯ ‘-ಅಂತ’ ಪ್ರತ್ಯಯವನ್ನು ವದಂತಿಸೂಚಕವೆಂದು ವಿವರಿಸುವುದು ವಾಡಿಕೆ. ಹೊಣೆ ಮತ್ತು ಹಕ್ಕಿನ ಭಾಷೆಯಲ್ಲಿ ಅದರ ಕೆಲಸ ಇನ್ನಷ್ಟು ನಿಖರವಾಗಿ ಕಾಣುತ್ತದೆ.

(9) ಡ್ಯಾಮಿಗಿ ನೀರು ಬಂದಾವು.
(10) ಡ್ಯಾಮಿಗಿ ನೀರು ಬಂದಾವಂತ.
(11) ಡ್ಯಾಮಿಗಿ ನೀರು ಬಂದಿರಬೇಕು.

ಮೂರನ್ನೂ ‘ನಿಮಗ ಹ್ಯಾಂಗ ಗೊತ್ತು?’ ಎಂಬ ಪ್ರಶ್ನೆಗೆ ಒಡ್ಡಬಹುದು. (9)ನ್ನು ಆಡಿದವರು ತಾವೇ ಕಾರಣ ಕೊಡಬೇಕು. (10)ನ್ನು ಆಡಿದವರು ‘ಊರಾಗ ಅಂದರು’ ಎಂದು ಹೊಣೆಯನ್ನು ಬೇರೆಯವರಿಗೆ ದಾಟಿಸಬಹುದು. ಆ ಉತ್ತರದಿಂದ ಅವರ ಮಾತು ಕೆಡುವುದಿಲ್ಲ. (11)ನ್ನು ಆಡಿದವರು ಕಂಡೆನೆಂದು ಹೇಳುತ್ತಿಲ್ಲ, ಕೇಳಿದೆನೆಂದೂ ಹೇಳುತ್ತಿಲ್ಲ. ಮೇಲಿನ ಘಟ್ಟಗಳಲ್ಲಿ ಮಳೆಯಾಗಿದೆ ಎಂಬಂತಹ ಆಧಾರವನ್ನು ಮುಂದಿಡುವ ಹೊಣೆಯನ್ನು ಹೊರುತ್ತಿದ್ದಾರೆ. ಸುದ್ದಿ ಒಂದೇ, ಲೆಕ್ಕದ ಪುಸ್ತಕದಲ್ಲಿ ಅದು ಯಾರ ಹೆಸರಿಗೆ ಬೀಳುತ್ತದೆ ಎಂಬುದು ಬೇರೆ. ‘-ಅಂತ’ ಎಂಬುದನ್ನು ನಂಬಿಕೆಯ ಕೊರತೆಯ ಗುರುತೆಂದು ಭಾವಿಸುವುದು ಸರಿಯಲ್ಲ. ಮಾತಿನ ಸತ್ಯತೆಯಲ್ಲಿ ಪೂರ್ಣ ನಂಬಿಕೆಯಿದ್ದೂ ಅದನ್ನು ಬಳಸಬಹುದು. ಬದಲಾಗುವುದು ಕಾರಣ ಕೊಡುವವರು ಯಾರು ಎಂಬುದು ಮಾತ್ರ.

6. ಒಂದು ಪದ, ಎರಡು ಲೆಕ್ಕ: ‘ಮುಳುಗಡೆ’

ಇಲ್ಲಿಯವರೆಗಿನ ಚರ್ಚೆ ಸಿದ್ಧಾಂತದ್ದು. ಅದರಿಂದ ಯಾರಿಗೆ ಏನಾಗಬೇಕು ಎಂಬ ಪ್ರಶ್ನೆಗೆ ಕೃಷ್ಣೆಯ ದಂಡೆಯ ಒಂದು ಪದವೇ ಉತ್ತರ ಕೊಡುತ್ತದೆ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಅದರ ಈಗಿನ ಗರಿಷ್ಠ ನೀರಿನ ಮಟ್ಟ 519.60 ಮೀಟರ್. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರ ಡಿಸೆಂಬರ್ ತಿಂಗಳ ತನ್ನ ತೀರ್ಪಿನಲ್ಲಿ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಎರಡು ಗೆರೆಗಳ ನಡುವಿನ ಅಂತರ 4.656 ಮೀಟರ್. ಅಷ್ಟರೊಳಗೆ ಹೊಲಗಳಿವೆ, ಮನೆಗಳಿವೆ.

‘ಮುಳುಗು’ ಧಾತುವಿನಿಂದ ಬಂದ ‘ಮುಳುಗಡೆ’ ಎಂಬ ನಾಮಪದದಲ್ಲಿ ಕಾಲವಿಲ್ಲ. ‘ಮುಳುಗಿದ ಹೊಲ’, ‘ಮುಳುಗುವ ಹೊಲ’ ಎಂದರೆ ಕೃದಂತವೇ ಕಾಲವನ್ನು ಹೇಳುತ್ತದೆ. ‘ಮುಳುಗಡೆ ಹೊಲ’ ಎಂದರೆ ಹೇಳುವುದಿಲ್ಲ. ಆದರೆ ಎರಡರಿಂದ ಹೊರಡುವ ಫಲಿತಗಳು ಬೇರೆಬೇರೆ. ಮುಳುಗಿದ ಹೊಲದಲ್ಲಿ ಬಿತ್ತುವ ಮಾತೇ ಇಲ್ಲ. ಮುಳುಗಲಿರುವ ಹೊಲದಲ್ಲಿ ಈ ವರ್ಷ ಬಿತ್ತಬಹುದು. ಆದರೆ ಬಾವಿ ತೋಡಬೇಕೇ, ಮನೆ ಕಟ್ಟಬೇಕೇ, ಕೊಳ್ಳುವವರು ಸಿಕ್ಕಾರೇ, ಮಗಳನ್ನು ಆ ಊರಿಗೆ ಕೊಡಬೇಕೇ ಎಂಬ ಪ್ರಶ್ನೆಗಳು ಏಳುತ್ತವೆ. ಒಂದೇ ಪದ ಎರಡು ಸ್ಥಿತಿಗಳನ್ನೂ ಹೊತ್ತಿರುವುದರಿಂದ, ಅದನ್ನು ಆಡಿದವರು ಯಾವ ಹೊಣೆ ಹೊತ್ತರು ಎಂಬುದು ಮಸುಕಾಗಿಯೇ ಉಳಿಯುತ್ತದೆ.

ಗೆಂಟ್ಸನ್ ತೋರಿದ ಎರಡು ನಿಯಮಗಳನ್ನು ಇಲ್ಲಿಗೆ ಅನ್ವಯಿಸೋಣ. ಆಡಳಿತದ ಕನ್ನಡದಲ್ಲಿ ‘ಮುಳುಗಡೆ’ ಪದದ ಪ್ರವೇಶನಿಯಮ ಮಟ್ಟದ ಗೆರೆ ಮತ್ತು ಅಧಿಸೂಚನೆ. ನಿರ್ಗಮನಿಯಮ ಸ್ವಾಧೀನ, ಪರಿಹಾರ, ಪುನರ್ವಸತಿ. ಊರಿನ ಕನ್ನಡದಲ್ಲಿ ಪ್ರವೇಶ ಇನ್ನೂ ವಿಶಾಲ: ಹೊಲಕ್ಕೆ ಹೋಗುವ ದಾರಿ ನೀರಿನಡಿ ಹೋದರೂ, ಸುತ್ತಲಿನ ಹೊಲಗಳಿಗೆ ನೀರು ಬಂದು ತನ್ನದೊಂದು ನಡುಗಡ್ಡೆಯಾದರೂ ರೈತ ‘ಮುಳುಗಡಿ ಆತು’ ಎನ್ನಬಲ್ಲ. ನಿರ್ಗಮವೂ ವಿಶಾಲ: ಒಕ್ಕಲುತನ ಹೋಯಿತು, ನೆರೆಹೊರೆ ಚದುರಿತು, ಊರ ದೇವರನ್ನು ಸ್ಥಳಾಂತರಿಸಬೇಕಾಯಿತು. ಹೀಗಾಗಿ (5)ರಂತಹ ವಾಕ್ಯವನ್ನು ರೈತನೊಬ್ಬ ಆಡಿದಾಗ ಕಚೇರಿಯವರಿಗೆ ಅದು ಅಸಂಗತವೆನ್ನಿಸಬಹುದು. ಅವರ ಲೆಕ್ಕದಲ್ಲಿ ಪರಿಹಾರ ಬರದ ಭೂಮಿ ಮುಳುಗಡೆಯೇ ಅಲ್ಲ. ಇಬ್ಬರೂ ಸುಳ್ಳಾಡುತ್ತಿಲ್ಲ. ಎರಡು ಅನುಮಿತಿಜಾಲಗಳು ಒಂದೇ ಪದದಲ್ಲಿ ಡಿಕ್ಕಿ ಹೊಡೆದಿವೆ.

ಸೂಚನೆಯಿಂದ ಅರ್ಥವನ್ನು ವಿವರಿಸುವವರಿಗೆ ಬಾಗಲಕೋಟೆಯ ಸಂಗತಿ ತೊಡಕನ್ನು ತರುತ್ತದೆ. 1997ರವರೆಗೆ ಇದೇ ಜಿಲ್ಲೆಯ ಭಾಗವಾಗಿದ್ದ ಆ ಪಟ್ಟಣವನ್ನು ಕನ್ನಡ ಪತ್ರಿಕೆಗಳು ‘ಮುಳುಗಡೆ ನಗರಿ’ ಎಂದು ಕರೆಯುತ್ತವೆ. ಸ್ಥಳಾಂತರಗೊಂಡವರಿಗಾಗಿ ಕಟ್ಟಿದ, ನೀರು ತಲುಪದ ನವನಗರಕ್ಕೂ ಆ ವಿಶೇಷಣ ಸಲ್ಲುತ್ತದೆ. ನೀರಿನಡಿ ಇರುವುದು ಎಂಬ ಸೂಚನೆ ಇಲ್ಲಿ ಇಲ್ಲ. ಉಳಿದಿರುವುದು ಸ್ಥಳಾಂತರ, ಹಕ್ಕು, ನಷ್ಟ ಎಂಬ ಫಲಿತಗಳು. ಪದ ಬದುಕಿರುವುದು ಆ ಫಲಿತಗಳ ಬಲದಿಂದ.

ಇದೇ ಬಗೆಯ ಇನ್ನೊಂದು ಪದ ‘ನೀರಾವರಿ’. 524.256 ಮೀಟರ್ ಮಟ್ಟದಲ್ಲಿ ಮುಳುಗುವ ಜಮೀನಿಗೆ ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ನಿಗದಿಪಡಿಸಿದ ಪರಿಹಾರ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ. ಕೊಳವೆಬಾವಿ ಇದ್ದು ಬತ್ತಿದ ಹೊಲ, ನದಿಯಿಂದ ನೀರೆತ್ತಿಕೊಂಡರೂ ಪಹಣಿಯಲ್ಲಿ (ಈ ಸೀಮೆಯ ಮಾತಿನಲ್ಲಿ ಉತಾರದಲ್ಲಿ) ಖುಷ್ಕಿ ಎಂದೇ ನಮೂದಾದ ಹೊಲ ಯಾವುದಕ್ಕೆ ಸೇರಬೇಕು? ಇದು ಪ್ರವೇಶನಿಯಮದ ಪ್ರಶ್ನೆ. ಒಂದು ಪದ ಸಲ್ಲುತ್ತದೆಯೇ ಇಲ್ಲವೇ ಎಂಬುದರ ಬೆಲೆ ಎಕರೆಗೆ ಹತ್ತು ಲಕ್ಷ. ‘ಅದು ಬರೀ ಪದಗಳ ಜಗಳ’ ಎಂದು ಹೇಳಿ ಮುಗಿಸಲಾಗದ ಜಗಳವಿದು.

7. ಆಕ್ಷೇಪಗಳು

ಅನುಮಿತಿವಾದವನ್ನು ಎದುರಿಸುವ ಮೂರು ಆಕ್ಷೇಪಗಳನ್ನು ಇಲ್ಲಿ ಎತ್ತಿಕೊಳ್ಳಬೇಕು.

ಮೊದಲನೆಯದು ಪ್ರಯರ್‌ನದು. ನಿಯಮಗಳೇ ಅರ್ಥವನ್ನು ನಿರ್ಮಿಸುವುದಾದರೆ ಯಾರು ಯಾವ ನಿಯಮವನ್ನಾದರೂ ಜೋಡಿಸಬಹುದಲ್ಲ? 1960ರಲ್ಲಿ ಅವನು ‘ಟಾಂಕ್’ ಎಂಬ ಕಲ್ಪಿತ ಪದವೊಂದನ್ನು ರಚಿಸಿದನು. ‘ಅಥವಾ’ದಂತೆ ಅದನ್ನು ಪ್ರವೇಶಿಸಬಹುದು, ‘ಮತ್ತು’ವಿನಂತೆ ಅದರಿಂದ ನಿರ್ಗಮಿಸಬಹುದು, ಪರಿಣಾಮವಾಗಿ ಯಾವುದರಿಂದ ಬೇಕಾದರೂ ಯಾವುದನ್ನು ಬೇಕಾದರೂ ಹೊರಡಿಸಬಹುದು. ಬೆಲ್‌ನ್ಯಾಪ್ 1962ರಲ್ಲಿ ಉತ್ತರಿಸಿದನು: ಹೊಸ ಪದವು ಹಳೆಯ ಪದಗಳ ನಡುವೆ ಮೊದಲಿಲ್ಲದ ಅನುಮಿತಿಗಳನ್ನು ಹುಟ್ಟಿಸಬಾರದು. ಡಮೆಟ್ ಪ್ರವೇಶ ನಿರ್ಗಮಗಳ ನಡುವೆ ಸಾಮರಸ್ಯವಿರಬೇಕೆಂದನು. ಅದಿಲ್ಲದ ಪದಕ್ಕೆ 1973ರಲ್ಲಿ ಅವನು ಕೊಟ್ಟ ಉದಾಹರಣೆ ಜರ್ಮನರನ್ನು ಹೀಯಾಳಿಸುವ ಒಂದು ಬೈಗುಳ: ಪ್ರವೇಶಕ್ಕೆ ರಾಷ್ಟ್ರೀಯತೆಯೊಂದೇ ಸಾಕು, ನಿರ್ಗಮದಲ್ಲಿ ಕ್ರೌರ್ಯದ ಆರೋಪ. ಬ್ರ್ಯಾಂಡಮ್ ಇಲ್ಲಿ ಒಂದು ತಿದ್ದುಪಡಿ ತರುತ್ತಾನೆ. ನಿತ್ಯದ ಪದಗಳಲ್ಲಿ ಹೊಸ ಅನುಮಿತಿ ಹುಟ್ಟುವುದೇ ದೋಷವಲ್ಲ. ಆ ಅನುಮಿತಿಯನ್ನು ನಾವು ಒಪ್ಪುತ್ತೇವೆಯೇ ಎಂಬುದು ಪ್ರಶ್ನೆ. ‘ಮುಳುಗಡೆ’ಗೆ ಇದು ಸರಿಯಾಗಿ ಹೊಂದುತ್ತದೆ. ಮಟ್ಟದ ಗೆರೆಯಿಂದ ಪುನರ್ವಸತಿಗೆ ಸಾಗುವ ಅನುಮಿತಿ ಭೂಗೋಳದಲ್ಲಿಲ್ಲ. ಅದನ್ನು ಕಾನೂನು, ಹೋರಾಟ, ಸಂಧಾನಗಳು ಕಟ್ಟಿವೆ. ಅದು ಇನ್ನೂ ವಿಸ್ತರಿಸಬೇಕೇ ಎಂಬುದನ್ನು ಚರ್ಚಿಸಬಹುದು, ಏಕೆಂದರೆ ‘ಅಂದಮೇಲೆ’, ‘ಅಂದರೂ’ಗಳು ಅದನ್ನು ಮಾತಿಗೆ ತಂದಿವೆ.

ಎರಡನೆಯ ಆಕ್ಷೇಪ ಫೋಡರ್ ಮತ್ತು ಲೆಪೋರ್ 1992ರಲ್ಲಿ ವಿಸ್ತಾರವಾಗಿ ಮಂಡಿಸಿದ ಸಮಗ್ರತೆಯ ತೊಡಕು. ಇಬ್ಬರು ಒಂದೇ ಪದದಿಂದ ನಿಖರವಾಗಿ ಒಂದೇ ಬಗೆಯ ಅನುಮಿತಿಗಳನ್ನು ಮಾಡುವುದಿಲ್ಲ. ಹಾಗಿದ್ದರೆ ಇಬ್ಬರ ಪದಾರ್ಥ ಎಂದೂ ಒಂದಾಗದು, ಸಂವಹನವೇ ಅಸಾಧ್ಯ. ಬ್ರ್ಯಾಂಡಮ್‌ನ ಉತ್ತರ ಹೀಗಿದೆ: ಸಂವಹನಕ್ಕೆ ಬೇಕಾದದ್ದು ಸಮಾನ ಅರ್ಥದ ಒಡೆತನವಲ್ಲ, ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ದಾಟುವ ಸಾಮರ್ಥ್ಯ. ಗ್ರಾಮ ಆಡಳಿತಾಧಿಕಾರಿ ಮತ್ತು ರೈತ ‘ನೀರಾವರಿ’ಯಿಂದ ಬೇರೆಬೇರೆ ಫಲಿತಗಳನ್ನು ತೆಗೆಯುತ್ತಾರೆ, ಆದರೂ ‘ನಿಮ್ಮ ಲೆಕ್ಕದಾಗ ಇದು ಖುಷ್ಕಿ, ನಮ್ಮ ಲೆಕ್ಕದಾಗ ನೀರಾವರಿ’ ಎಂದು ರೈತ ಹೇಳಬಲ್ಲ. ಆ ವಾಕ್ಯವೇ ದಾಟಿನ ಪುರಾವೆ. ಇಷ್ಟಾದರೂ ಆಕ್ಷೇಪ ಪೂರ್ತಿ ಕರಗುವುದಿಲ್ಲ. ಯಾವ ಅನುಮಿತಿ ಅರ್ಥದ ಭಾಗ, ಯಾವುದು ಲೋಕಜ್ಞಾನ ಎಂಬ ಗೆರೆಯನ್ನು ‘ಆದರೂ’ ಪರೀಕ್ಷೆ ಎಳೆಯಲಾರದು. ಕ್ವೈನ್ 1951ರಲ್ಲಿ ವಾದಿಸಿದಂತೆ ಆ ಗೆರೆಯೇ ಇಲ್ಲದಿರಬಹುದು. ಹಾಗಿದ್ದರೆ ಅನುಮಿತಿಗಳನ್ನು ಬಿಗಿ ಸಡಿಲಗಳ ಏಣಿಯಲ್ಲಿ ಜೋಡಿಸುವುದಷ್ಟೇ ನಮಗೆ ಸಾಧ್ಯ.

ಮೂರನೆಯದು, ಪದಗಳೆಲ್ಲ ಪದಗಳಿಗೇ ಅಂಟಿಕೊಂಡರೆ ಲೋಕದ ಸ್ಪರ್ಶ ಎಲ್ಲಿ ಎಂಬ ಆಕ್ಷೇಪ. ಸೆಲರ್ಸ್ ಭಾಷೆಗೆ ಲೋಕದಿಂದ ಒಳಬರುವ ಮತ್ತು ಲೋಕಕ್ಕೆ ಹೊರಹೋಗುವ ನಡೆಗಳೂ ಇವೆ ಎಂದು ಹೇಳಿದ್ದನು. ಮಣ್ಣನ್ನು ಕೈಯಲ್ಲಿ ಹಿಚುಕಿ ‘ಹಸಿ ಐತಿ’ ಎನ್ನುವುದು ಒಳಬರುವ ನಡೆ. ಹಾಗೆಂದು ಕೂರಿಗೆ ಹೂಡುವುದು ಹೊರಹೋಗುವ ನಡೆ. ನಡುವಿನ ಅನುಮಿತಿಯೇ ಇವೆರಡನ್ನೂ ಒಂದು ಪದದ ಸುತ್ತ ಕಟ್ಟುತ್ತದೆ.

8. ಮಹಿಮಭಟ್ಟ, ಗ್ರೈಸ್ ಮತ್ತು ಒಂದು ಎಚ್ಚರಿಕೆ

ಶಬ್ದದಿಂದ ಹುಟ್ಟುವ ಜ್ಞಾನ ಅನುಮಾನದಲ್ಲೇ ಅಡಕವೆಂದು ವೈಶೇಷಿಕರು, ಅದು ಸ್ವತಂತ್ರ ಪ್ರಮಾಣವೆಂದು ನೈಯಾಯಿಕರು ವಾದಿಸಿದರು. ಹನ್ನೊಂದನೆಯ ಶತಮಾನದ ಮಹಿಮಭಟ್ಟನು ‘ವ್ಯಕ್ತಿವಿವೇಕ’ದಲ್ಲಿ ಆನಂದವರ್ಧನನ ಧ್ವನಿಯನ್ನು ಅನುಮಾನಕ್ಕೆ ಸೇರಿಸಿದನು. ಇವರನ್ನು ಅನುಮಿತಿವಾದದ ಪೂರ್ವಸೂರಿಗಳೆಂದು ಕರೆಯುವ ಆಸೆ ಸಹಜ. ಆದರೆ ಮಹಿಮಭಟ್ಟನಲ್ಲಿ ವಾಚ್ಯಾರ್ಥ ಮೊದಲೇ ಸಿದ್ಧವಾಗಿರುತ್ತದೆ. ಅನುಮಾನ ಆರಂಭವಾಗುವುದು ಅದರ ಆಚೆ. ಗ್ರೈಸ್ ವಿವರಿಸಿದ ಸಂಭಾಷಣಾಸೂಚಿತಾರ್ಥವೂ ಹಾಗೆಯೇ: ಹೇಳಿದ್ದು ಏನೆಂದು ತಿಳಿದ ಮೇಲೆ, ಹೇಳದೆ ಸೂಚಿಸಿದ್ದನ್ನು ಲೆಕ್ಕಹಾಕಲಾಗುತ್ತದೆ. ಅನುಮಿತಿವಾದವು ಅನುಮಿತಿಯನ್ನು ವಾಚ್ಯಾರ್ಥದ ಒಳಗೇ ಇಡುತ್ತದೆ. ಹೇಳಿದ್ದು ಏನು ಎಂಬುದೇ ಅದರಿಂದ ನಿರ್ಧಾರವಾಗುತ್ತದೆ. ಕೇಳುಗನ ಮನಸ್ಸಿನಲ್ಲಿ ನಡೆಯುವ ಊಹೆಯ ವರ್ಣನೆ ಒಂದು, ಆಡುಗನ ಹೊಣೆಯ ನಿರೂಪಣೆ ಇನ್ನೊಂದು. ಸಂಶೋಧನ ಪ್ರಬಂಧಗಳಲ್ಲಿ ಇವೆರಡೂ ‘ಅನುಮಾನ’ ಎಂಬ ಒಂದೇ ಹೆಸರಿನಲ್ಲಿ ಬೆರೆಯುವುದನ್ನು ತಪ್ಪಿಸಬೇಕು.

9. ಕ್ಷೇತ್ರಕಾರ್ಯಕ್ಕೂ ನಿಘಂಟಿಗೂ

ಈ ಚರ್ಚೆಯಿಂದ ಕ್ಷೇತ್ರಕಾರ್ಯಕ್ಕೆ ಒಂದು ಸರಳ ಕ್ರಮ ಹೊರಡುತ್ತದೆ. ಪ್ರತಿ ಪದಕ್ಕೂ ‘ಇದಕ್ಕೆ ಏನಂತೀರಿ?’ ಎಂಬುದರ ಜೊತೆಗೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಏನು ಕಂಡರೆ ಹಾಗೆನ್ನುತ್ತೀರಿ? (ಪ್ರವೇಶ) ಹಾಗಂದ ಮೇಲೆ ಏನು ಮಾಡಬೇಕು, ಏನು ಮಾಡಬಾರದು? (ನಿರ್ಗಮ) ಹಾಗಂದರೂ ಏನು ಆಗದೆ ಹೋಗಬಹುದು? (ಭಂಗ) ಹಾಗಂದ ಮೇಲೆ ಇನ್ನೇನನ್ನು ಅನ್ನಲು ಬರುವುದಿಲ್ಲ? (ಅಸಾಂಗತ್ಯ) ಉತ್ತರಗಳನ್ನು ವಾಕ್ಯರೂಪದಲ್ಲೇ ದಾಖಲಿಸಬೇಕು. ‘-ಅಂತ’, ‘-ಇರಬೇಕು’ ಮೊದಲಾದ ರೂಪಗಳನ್ನು ಶಿಷ್ಟಗೊಳಿಸುವಾಗ ಕಳೆದುಕೊಳ್ಳಬಾರದು, ಏಕೆಂದರೆ ಹೊಣೆ ಯಾರದೆಂಬುದು ಅಲ್ಲಿದೆ.

ನಿಘಂಟಿನ ನಮೂದಿಗೂ ಇದು ಅನ್ವಯ. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಅರ್ಥದ ಜೊತೆಗೆ ಗಾದೆಗಳನ್ನೂ ಕೊಡುತ್ತದೆ. ಅದನ್ನು ಅಲಂಕಾರವೆಂದು ಓದುವವರುಂಟು. ಗಾದೆ ಅನುಮಿತಿಯ ಪರವಾನಗಿಯಾದರೆ ಅದು ನಮೂದಿನ ಹೊರಗಿನದಲ್ಲ, ಅರ್ಥದ ನಿರೂಪಣೆಯೇ. ಆಡಳಿತಪದಗಳ ಕೋಶ ಸಿದ್ಧಪಡಿಸುವವರಿಗಂತೂ ಇದು ಇನ್ನೂ ಅಗತ್ಯ. ‘ಮುಳುಗಡೆ’, ‘ಖುಷ್ಕಿ’, ‘ಸಂತ್ರಸ್ತ’ ಮೊದಲಾದ ಪದಗಳಿಗೆ ಸಮಾನಪದವೊಂದನ್ನು ಕೊಟ್ಟರೆ ಸಾಲದು. ಯಾವ ಆಧಾರದ ಮೇಲೆ ಸಲ್ಲುತ್ತದೆ, ಸಂದಮೇಲೆ ಏನು ದೊರೆಯುತ್ತದೆ ಎಂಬೆರಡನ್ನೂ ಊರಿನ ಬಳಕೆ, ಕಚೇರಿಯ ಬಳಕೆ ಎಂದು ಬಿಡಿಸಿ ಬರೆಯಬೇಕು.

10. ಉಪಸಂಹಾರ

ಅನುಮಿತಿವಾದ ಅರ್ಥದ ಎಲ್ಲ ಸಮಸ್ಯೆಗಳನ್ನೂ ಬಗೆಹರಿಸಿಲ್ಲ. ಅರ್ಥಕ್ಕೂ ಲೋಕಜ್ಞಾನಕ್ಕೂ ನಡುವಿನ ಗೆರೆ ಅದರಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಆಡುಗರ ಗುಂಪಿನೊಳಗಿನ ಭೇದಗಳನ್ನು ಅಳೆಯುವ ವಿಧಾನವೂ ಇನ್ನು ರೂಪುಗೊಳ್ಳಬೇಕು. ಆದರೆ ಅದು ಭಾಷಾವಿಜ್ಞಾನಿಯ ಗಮನವನ್ನು ಪದದಿಂದ ವಸ್ತುವಿನೆಡೆಗೆ ಮಾತ್ರವಲ್ಲ, ಪದದಿಂದ ಹೊಣೆಯ ಕಡೆಗೂ ತಿರುಗಿಸುತ್ತದೆ. ಕನ್ನಡವನ್ನಾಡುವವರು ಅರ್ಥವನ್ನು ಕೇಳುವಾಗಲೆಲ್ಲ ‘ಹೇಳಿದರೆ ಏನು?’ ಎಂದೇ ಕೇಳುತ್ತ ಬಂದಿದ್ದಾರೆ. ಪದಪಟ್ಟಿಯಲ್ಲಿ ‘ಎರಿ: ಕಪ್ಪು ಮಣ್ಣು’ ಎಂದು ಬರೆದು ಮುಂದಿನ ಪದಕ್ಕೆ ಸಾಗುವ ಮುನ್ನ ಆ ಪ್ರಶ್ನೆಯನ್ನು ನಾವೂ ಕೇಳಬೇಕು, ಉತ್ತರ ಮುಗಿಯುವವರೆಗೆ ಕಾಯಬೇಕು.